ಡೆಂಗ್ಯೂ ಆದ್ಮೇಲೆ ಕೂದ್ಲು ಕೈಗೇ ಬರ್ತಿದೆ, ಕೊಬ್ಬರಿ ಎಣ್ಣೆನಾ ಹರಳೆಣ್ಣೆನಾ, ಏನ್ ಹಚ್ಲಿ?

ತುಂಗೆ_ದಡ

ನಮಸ್ಕಾರ ಎಲ್ರಿಗೂ. ಪೋಸ್ಟ್ ಸ್ವಲ್ಪ ಉದ್ದ ಆಗುತ್ತೆ, ಬೈಕೋಬೇಡಿ.

ನಮ್ಮೂರು ತೀರ್ಥಹಳ್ಳಿ ಹತ್ರ, ಕೆಲಸಕ್ಕೆ ಅಂತ ಬೆಂಗಳೂರಿಗೆ ಬಂದು ನಾಲ್ಕು ವರ್ಷ ಆಯ್ತು, ಈಗ ಮಾರತ್‌ಹಳ್ಳಿ ಕಡೆ ಪಿಜಿಲಿ ಇದೀನಿ. ಊರಲ್ಲಿದ್ದಾಗ ಜಡೆ ಸೊಂಟ ದಾಟ್ತಿತ್ತು, ಕಾಲೇಜಲ್ಲಿ ಹಿಂದಿನ ಬೆಂಚಿನೋರು ಜಡೆ ತುದಿನ ಡೆಸ್ಕಿಗೆ ಕಟ್ಟಿ ಮಜಾ ತಗೊಳೋರು. ಇಲ್ಲಿಗೆ ಬಂದ್ಮೇಲೆ ಭುಜದಿಂದ ಒಂದು ಗೇಣು ಕೆಳಗೆ ಬರೋ ಹಾಗೆ ಕಟ್ ಮಾಡಿಸ್ದೆ, ಟ್ಯಾಂಕರ್ ನೀರಲ್ಲಿ ಅಷ್ಟುದ್ದ ತೊಳ್ಕೊಂಡು ಒಂಬತ್ತು ಗಂಟೆ ಕ್ಯಾಬ್ ಹಿಡಿಯೋಕೆ ಆಗಲ್ಲ. ಅದರ ಬಗ್ಗೆ ಬೇಜಾರೇನಿಲ್ಲ. ಆದ್ರೆ ಈ ಜುಲೈನಲ್ಲಿ ಡೆಂಗ್ಯೂ ಬಂತು, ನಾಲ್ಕು ದಿನ ಅಡ್ಮಿಟ್, ಊಟ ಸೇರ್ದೆ ಐದು ಕೆಜಿ ಇಳಿದೆ. ಅಂತೂ ಸರಿ ಹೋದೆ ಅಂದ್ಕೊಳೋ ಹೊತ್ತಿಗೆ ಸೆಪ್ಟೆಂಬರ್ ಕೊನೇಲಿ ಶುರುವಾಯ್ತು ನೋಡಿ, ಬಾಚಿದ್ರೆ ಬಾಚಣಿಗೆ ತುಂಬ, ಬಾತ್‌ರೂಮ್ ಜಾಲಿ ತುಂಬ, ಆಫೀಸಲ್ಲಿ ಕುರ್ಚಿ ಬೆನ್ನಿಗೆ, ಒಂದಿನ ಪಕ್ಕದ ಹುಡುಗಿ ಚಪಾತಿಲೂ. ಮೂರು ಸುತ್ತು ಸುತ್ತಿದ್ರೆ ಬಿಗಿಯಾಗ್ತಿದ್ದ ರಬ್ಬರ್ ಬ್ಯಾಂಡ್ ಈಗ ಐದು ಸುತ್ತು ಬೇಕು.

ಎಣ್ಣೆ ಹಚ್ಚಲ್ಲ ಅದಕ್ಕೇ ಹೀಗೆ ಅಂತ ಅಮ್ಮ ದಿನಾ ಫೋನಲ್ಲಿ. ಸರಿ ಅಂತ ಶುರು ಮಾಡ್ದೆ. ಮೊದ್ಲು ಇನ್‌ಸ್ಟಾಗ್ರಾಮ್‌ನಲ್ಲಿ ಜಾಹೀರಾತು ನೋಡಿ ಒಂದು ಗಿಡಮೂಲಿಕೆ ಎಣ್ಣೆ ತರಿಸ್ದೆ, 200 ಎಂಎಲ್‌ಗೆ 699. ಬಣ್ಣ ಹಸಿರು, ವಾಸನೆ ಘಮ್ ಅಂತ, ಆದ್ರೆ ಬಾಟಲಿ ಹಿಂದೆ ಸಣ್ಣಕ್ಷರದಲ್ಲಿ ಮೊದಲ ಹೆಸರೇ ಲೈಟ್ ಲಿಕ್ವಿಡ್ ಪ್ಯಾರಾಫಿನ್ ಅಂತಿದೆ, ಅದು ಮೇಣದ ಬತ್ತಿದಲ್ವಾ? ಆಮೇಲೆ ಆಫೀಸಲ್ಲಿ ಒಬ್ರು ಹರಳೆಣ್ಣೆ ಹಚ್ಚು ಕೂದ್ಲು ದಪ್ಪ ಬರುತ್ತೆ ಅಂದ್ರು, ಬರೀ ಹರಳೆಣ್ಣೆನೇ ಧಾರಾಳವಾಗಿ ಹಚ್ಚಿ ರಾತ್ರಿ ಮಲಗಿ ಬೆಳಿಗ್ಗೆ ತಲೆ ಮೇಲೆ ಕೂದ್ಲೆಲ್ಲ ಗುಡ್ಡೆ ಮಾಡ್ಕೊಂಡು ಶಾಂಪೂ ಹಾಕಿ ತಿಕ್ದೆ, ಅದು ಕಂಬಳಿ ತರ ಮುದ್ದೆ ಆಗೋಯ್ತು, ರೂಮ್‌ಮೇಟು ಎರಡು ಗಂಟೆ ಕೂತು ಬಿಡಿಸಿದ್ಳು, ಹಿಂದ್ಗಡೆ ಒಂದು ಗಂಟು ಮಾತ್ರ ಕತ್ತರಿನೇ ಬೇಕಾಯ್ತು. ಅತ್ತೇಬಿಟ್ಟೆ ನಾನು.

ಈಗ ಅಮ್ಮ ಬಸ್ಸಲ್ಲಿ ಒಂದು ಲೀಟರ್ ಕಳಿಸಿದಾರೆ, ಮನೆ ಕಾಯಿ ಎಣ್ಣೆಗೆ ಗರುಗದ ಸೊಪ್ಪು (ಭೃಂಗರಾಜ), ದಾಸವಾಳ, ಕರಿಬೇವು ಹಾಕಿ ಕಾಯಿಸಿದ್ದು. ವಾರಕ್ಕೆ ಮೂರು ಸಲ ರಾತ್ರಿ ಹಚ್ಚಿ ಬೆಳಿಗ್ಗೆ ತೊಳಿತಿದೀನಿ, ಎರಡು ವಾರ ಆಯ್ತು, ಉದುರೋದು ಕಮ್ಮಿ ಆಗಿಲ್ಲ, ಎಣ್ಣೆ ತಿಕ್ಕೋವಾಗ್ಲೇ ಕೈ ತುಂಬ ಬರುತ್ತೆ, ಜೊತೆಗೆ ತಲೆ ಕೆರೆತ, ಹೊಟ್ಟು, ಹಣೆ ಮೇಲೆ ಸಣ್ಣ ಸಣ್ಣ ಮೊಡವೆ. ಅಮ್ಮಂಗೆ ಹೇಳಿದ್ರೆ ಇನ್ನೂ ಜಾಸ್ತಿ ಹಚ್ಚು ಅಂತಾರೆ. ಯಾವ ಎಣ್ಣೆ, ಎಷ್ಟು, ಎಷ್ಟೊತ್ತು, ಗೊತ್ತಿರೋರು ಸರಿಯಾಗಿ ಹೇಳಿ ಪ್ಲೀಸ್. ವಯಸ್ಸು 26.

ಮತ್ತಿಗೊಂಪು

ತಂಗೀ, ನಿಮ್ಮಮ್ಮ ಕಳಿಸಿದ ಎಣ್ಣೆ ಬಿಟ್ಟು ಬೇರೆ ಯಾವ್ದನ್ನೂ ಮುಟ್ಬೇಡ, ಆದ್ರೆ ನೀನು ಹಚ್ಚೋ ರೀತಿ ಸರಿ ಇಲ್ಲ. ಈಗಿನೋರಿಗೆಲ್ಲ ಎಣ್ಣೆ ಹಚ್ಚೋದು ಗೊತ್ತು, ತೆಗೆಯೋದು ಗೊತ್ತಿಲ್ಲ.

ನಂದು ಸಾಗರ. ನಮ್ಮನೇಲಿ ಎಣ್ಣೆ ಹಚ್ಚೋದು ಅಂದ್ರೆ ರಾತ್ರಿ ಅಲ್ಲ, ಸ್ನಾನಕ್ಕೆ ಮುಂಚೆ. ಬಚ್ಚಲು ಒಲೆಗೆ ಬೆಂಕಿ ಹಾಕಿ ಹಂಡೆ ನೀರು ಕಾಯೋಷ್ಟೊತ್ತಿಗೆ ತಲೆಗೆ ಎಣ್ಣೆ ಒತ್ತಿ ಕೂರೋದು, ನೀರು ಕಾದ ಕೂಡ್ಲೆ ಮೀಯೋದು, ಹೆಚ್ಚಂದ್ರೆ ಒಂದು ಗಂಟೆ. ರಾತ್ರಿಯಿಡೀ ತಲೇಲಿ ಎಣ್ಣೆ ಇಟ್ಕೊಂಡು ಮಲಗಿದ್ರೆ ನಮ್ಮಜ್ಜಿ ನೆಗಡಿ ಆಗುತ್ತೆ ಅಂತ ಬೈಯೋರು, ನೆಗಡಿ ಆಗುತ್ತೋ ಇಲ್ವೋ ಗೊತ್ತಿಲ್ಲ, ದಿಂಬಿನ ಕವರ್ ಅಂತೂ ಹಾಳಾಗುತ್ತೆ, ಅದೇ ದಿಂಬಿಗೆ ಮುಖ ಒತ್ತಿ ಮಲಗಿದ್ರೆ ಮೊಡವೆ ಬರ್ದೆ ಇನ್ನೇನು.

ತೆಗೆಯೋಕೆ ಗೊಂಪು, ಅಂದ್ರೆ ಸೊಪ್ಪಿನ ಲೋಳೆ. ದಾಸವಾಳ ಸೊಪ್ಪು ಒಂದು ದೊಡ್ಡ ಹಿಡಿ, ಬಿಳಿ ದಾಸವಾಳದ್ದಾದ್ರೆ ಇನ್ನೂ ಒಳ್ಳೇದು ಅಂತಾರೆ, ತಣ್ಣೀರಲ್ಲಿ ಕಿವುಚಬೇಕು. ಮೊದ್ಲು ಬರೀ ಹಸಿರು ನೀರು ಬರುತ್ತೆ, ಬಿಡ್ಬೇಡ, ಕಿವುಚ್ತಾ ಇದ್ರೆ ಮೂರ್ನಾಲ್ಕು ನಿಮಿಷಕ್ಕೆ ಬೆರಳ ಸಂದಿಯಿಂದ ಮೊಟ್ಟೆ ಬಿಳಿ ತರ ಲೋಳೆ ಜಾರುತ್ತೆ, ಆಗ ಬಟ್ಟೇಲಿ ಸೋಸ್ಕೋ, ಇಲ್ದಿದ್ರೆ ಆಫೀಸಿಗೆ ಹೋದ್ಮೇಲೂ ತಲೆಯಿಂದ ಸೊಪ್ಪಿನ ಚೂರು ಉದುರ್ತಿರುತ್ತೆ. ಮತ್ತಿ ಸೊಪ್ಪಾದ್ರೆ ಅದರಷ್ಟು ಚೆಂದ ಇನ್ಯಾವ್ದೂ ಇಲ್ಲ ಆದ್ರೆ ನಿಂಗೆ ಮಾರತ್‌ಹಳ್ಳೀಲಿ ಮತ್ತಿ ಮರ ಎಲ್ಲಿ ಸಿಗ್ಬೇಕು. ಎಣ್ಣೆ ಜಾಸ್ತಿ ಇದ್ರೆ ಗೊಂಪಿಗೆ ಎರಡು ಚಮಚ ಸೀಗೆಪುಡಿ ಕಲಸ್ಕೋ. ಸೀಗೆಪುಡಿ ಕಣ್ಣಿಗೆ ಹೋದ್ರೆ ಮಾತ್ರ ನಾನು ಜವಾಬ್ದಾರಿ ಅಲ್ಲ, ದೀಪಾವಳಿ ಬೆಳಿಗ್ಗೆ ಕಣ್ಣು ಕೆಂಪಾಗಿ ಅಳ್ದೇ ಇರೋ ಮಕ್ಕಳು ನಮ್ಮ ಕಾಲದಲ್ಲಿ ಇರ್ಲಿಲ್ಲ.

ಇನ್ನೊಂದು, ಅಮ್ಮನ ಎಣ್ಣೆ ಬಾಟಲಿ ಮುಚ್ಚಳ ತೆಗೆದು ಒಂದ್ಸಲ ಮೂಸಿ ನೋಡು. ಸೊಪ್ಪಲ್ಲಿ ನೀರಿನ ಪಸೆ ಉಳಿದಿದ್ರೆ ಎಣ್ಣೆ ಬೇಗ ಕಮಟುತ್ತೆ. ಸೊಪ್ಪನ್ನ ನೆರಳಲ್ಲಿ ಬಾಡಿಸಿ ಸಣ್ಣ ಉರೀಲಿ ಕಾಯಿಸಿ, ಚರ ಚರ ಅನ್ನೋದು ನಿಂತು ಗುಳ್ಳೆ ಏಳೋದು ನಿಂತು ಸೊಪ್ಪು ಗರಿಗರಿ ಆದ್ಮೇಲೆ ಇಳಿಸಿದ್ರೆ ಆರು ತಿಂಗಳು ಏನೂ ಆಗಲ್ಲ. ಕಮಟು ವಾಸನೆ ಬಂದಿದ್ರೆ ತಲೆಗೆ ಬೇಡ, ಬಾಗಿಲು ಕಿರುಗುಟ್ಟಿದ್ರೆ ಹಾಕು.

ನೈಟ್‌ಡ್ಯೂಟಿ_ಸಿಸ್ಟರ್

ನಾನು ಮೈಸೂರಲ್ಲಿ ಸ್ಟಾಫ್ ನರ್ಸ್. ಎಣ್ಣೆ ವಿಷ್ಯ ಆಮೇಲೆ. ಮೊದ್ಲು ಒಂದು ಕೆಲಸ ಮಾಡಿ ಮೇಡಂ, ನಾಳೆ ಬಾಚಿದಾಗ ಬಿದ್ದ ಕೂದ್ಲಲ್ಲಿ ಹತ್ತು ಎಳೆ ತಗೊಂಡು ಬಿಳಿ ಟಿಶ್ಯೂ ಪೇಪರ್ ಅಲ್ಲ, ಕಪ್ಪು ಬಟ್ಟೆ ಮೇಲೆ ಇಟ್ಟು ಮೊಬೈಲ್ ಟಾರ್ಚ್ ಬಿಟ್ಟು ಎರಡೂ ತುದಿ ನೋಡಿ. ಒಂದು ತುದೀಲಿ ಸಾಸಿವೆಗಿಂತ ಎಷ್ಟೋ ಚಿಕ್ಕದಾಗಿ ಬಿಳಿ ಗಂಟು ಕಾಣುತ್ತಾ, ಅಥವಾ ಎರಡೂ ತುದಿ ಬೋಳಾಗಿ ತುಂಡಾದ ಹಾಗಿದೆಯಾ? ಉದ್ದ ಪೂರ್ತಿ ಇದೆಯಾ, ಅರ್ಧಂಬರ್ಧ ಚೂರಾ?

ಯಾಕೆ ಕೇಳ್ತಿದೀನಿ ಅಂದ್ರೆ ಬುಡದಿಂದ ಉದುರೋದೇ ಬೇರೆ, ನಡುವೆ ಮುರಿಯೋದೇ ಬೇರೆ, ಎಣ್ಣೆಯಿಂದ ಏನಾದ್ರೂ ಉಪಯೋಗ ಇದ್ರೆ ಎರಡನೇದಕ್ಕೆ. ನಿಮ್ಮ ಕತೆ ಕೇಳಿದ್ರೆ ನಂಗೆ ಮೊದಲನೇದು ಅನ್ಸುತ್ತೆ. ಜುಲೈನಲ್ಲಿ ಡೆಂಗ್ಯೂ, ಸೆಪ್ಟೆಂಬರ್ ಕೊನೆಗೆ ಶುರು, ಲೆಕ್ಕ ಸರಿಯಾಗಿ ಕೂರುತ್ತೆ. ದೊಡ್ಡ ಜ್ವರ ಬಂದಾಗ ಮೈ ತನ್ನ ಕೆಲಸಾನೆಲ್ಲ ನೋಡ್ಕೊಳೋಕೆ ಆಗ್ದೆ ಬೆಳೀತಿರೋ ಕೂದ್ಲಲ್ಲಿ ಸುಮಾರನ್ನ ಒಟ್ಟಿಗೆ ರಜೆಗೆ ಕಳಿಸಿಬಿಡುತ್ತೆ. ಅವು ಅವತ್ತೇ ಬೀಳಲ್ಲ, ಎರಡು ಮೂರು ತಿಂಗಳು ಅಲ್ಲೇ ಸಡಿಲವಾಗಿ ಕೂತಿದ್ದು ಆಮೇಲೆ ಒಟ್ಟಿಗೆ ಬೀಳ್ತವೆ, ಅಷ್ಟೊತ್ತಿಗೆ ಜ್ವರ ಮರ್ತೇ ಹೋಗಿರುತ್ತೆ, ಜನ ಶಾಂಪೂ ಬೈತಾರೆ, ನೀರು ಬೈತಾರೆ. ಟೆಲೋಜೆನ್ ಎಫ್ಲುವಿಯಂ ಅಂತಾರೆ ಇದಕ್ಕೆ. ಬಾಣಂತಿಯರಿಗೆ ಮೂರು ನಾಲ್ಕು ತಿಂಗಳಿಗೆ ಕೂದ್ಲು ಹೋಗುತ್ತಲ್ಲ, ಅದೂ ಇದೇ, ಕೋವಿಡ್ ಆದ್ಮೇಲೆ ಮನೆಮನೇಲೂ ನೋಡಿದ್ವಿ. ಸಾಮಾನ್ಯವಾಗಿ ಮೂರರಿಂದ ಆರು ತಿಂಗಳಲ್ಲಿ ತಾನಾಗೇ ನಿಲ್ಲುತ್ತೆ. ಎಣ್ಣೆ ತಿಕ್ಕುವಾಗ ಕೈಗೆ ಬರೋದು ಎಣ್ಣೆಯಿಂದ ಕಿತ್ತು ಬಂದಿದ್ದಲ್ಲ, ನಾಳೆ ನಾಡಿದ್ದು ಬೀಳಬೇಕಿದ್ದದ್ದು ಇವತ್ತೇ ಬೀಳ್ತಿದೆ ಅಷ್ಟೆ. ಹಾಗಂತ ಹಠಕ್ಕೆ ಬಿದ್ದು ತಿಕ್ಕೋದೂ ಬೇಡ. ಏನೂ ಕಾಯಿಲೆ ಇಲ್ದೋರಿಗೂ ದಿನಕ್ಕೆ 50ರಿಂದ 100 ಕೂದ್ಲು ಹೋಗೇ ಹೋಗುತ್ತೆ.

ಐದು ಕೆಜಿ ಇಳಿದೆ ಅಂದ್ರಲ್ಲ, ಊಟ ನೋಡ್ಕೊಳಿ. ಹಿಮೋಗ್ಲೋಬಿನ್ ಜೊತೆ ಫೆರಿಟಿನ್ (ಮೈಯಲ್ಲಿ ಕಬ್ಬಿಣ ಎಷ್ಟು ಕೂಡಿಟ್ಟಿದೆ ಅಂತ ತೋರಿಸೋದು), ಥೈರಾಯ್ಡ್ ಒಂದ್ಸಲ ಟೆಸ್ಟ್ ಮಾಡಿಸಿ, ಮುಟ್ಟಿನಲ್ಲಿ ಜಾಸ್ತಿ ಹೋಗೋದಿದ್ರೆ ಖಂಡಿತ ಮಾಡಿಸಿ. ಆರು ತಿಂಗಳಾದ್ರೂ ನಿಲ್ಲದಿದ್ರೆ, ಬೈತಲೆ ಅಗಲ ಆಗ್ತಾ ಹೋದ್ರೆ, ಇಲ್ಲ ಎಲ್ಲಾದ್ರೂ ನಾಣ್ಯದಗಲ ಬೋಳಾದ್ರೆ ಸ್ಕಿನ್ ಡಾಕ್ಟರ್ ಹತ್ರ ಹೋಗಿ.

ಕೆರೆತ ಇದೆ, ಹೊಟ್ಟಿದೆ ಅಂದ್ರೆ ಸದ್ಯಕ್ಕೆ ಬುಡಕ್ಕೆ ಎಣ್ಣೆ ನಿಲ್ಲಿಸಿ. ತಲೇಲಿರೋ ಒಂದು ತರದ ಬೂಷ್ಟು ಜಿಡ್ಡು ತಿಂದೇ ಬದ್ಕೋದು, ನೀವು ವಾರಕ್ಕೆ ಮೂರು ರಾತ್ರಿ ಅದಕ್ಕೆ ಊಟ ಹಾಕ್ತಿದೀರ. ಕೀಟೊಕೊನಜೋಲ್ 2% ಶಾಂಪೂ ಮೆಡಿಕಲ್ ಶಾಪಲ್ಲಿ ಸಿಗುತ್ತೆ, ವಾರಕ್ಕೆ ಎರಡು ಸಲ, ಹಚ್ಚಿದ ತಕ್ಷಣ ತೊಳೀಬೇಡಿ, ನಾಲ್ಕೈದು ನಿಮಿಷ ಬಿಟ್ಟು ತೊಳೀರಿ, ಮೂರು ವಾರ ನೋಡಿ.

ಅರ್ಧ_ಬಯಲು

ನಮಸ್ಕಾರ ರೀ, ಹುಬ್ಬಳ್ಳಿಯಿಂದ. ಎಣ್ಣಿ ವಿಷಯ ಬಂತಂದ್ರ ನಾ ಮಾತಾಡದ ಇರಾಕ ಆಗೂದಿಲ್ಲ, ಒಂದು ಬೈಕಿನ ರೊಕ್ಕ ತಲಿಗಿ ಸುರದೇನಿ.

28ಕ್ಕ ಹಣಿ ಎರಡೂ ಬಾಜೂ ಹಿಂದ ಸರಿಯಾಕ ಹತ್ತಿತು. ನಮ್ಮವ್ವ ಔಡಲೆಣ್ಣಿ (ನಿಮ್ಮ ಹರಳೆಣ್ಣಿನ) ಬೆಚ್ಚಗ ಮಾಡಿ ನೆತ್ತಿಗಿ ತಟ್ಟಿ ತಟ್ಟಿ ಹಚ್ಚಿದ್ಲು, ತಂಪಕ್ಕೈತಿ ಕೂದಲಾ ಬರ್ತಾವು ಅಂತ. ತಂಪ ಆತು, ಕೂದಲಾ ಬರಲಿಲ್ಲ. ಆಮ್ಯಾಲ ಉಳ್ಳಾಗಡ್ಡಿ ರಸ, ಹೆಂಡ್ತಿ ಒಂದು ವಾರ ಬ್ಯಾರೆ ಖೋಲಿಯೊಳಗ ಮಲಗಿದ್ಲು. ಆಮ್ಯಾಲ ಬಾದಾಮಿ ಎಣ್ಣಿ ಅಂತ ತಂದಿದ್ದು, ಅದರಾಗ ಬಾದಾಮಿ ಚಿತ್ರ ಅಷ್ಟ ಇತ್ತು. ಕಡೀಕ ರೋಸ್‌ಮೇರಿ. 2015ರಾಗ ಇರಾನಿನ ಡಾಕ್ಟರಗೋಳು 100 ಮಂದಿ ಗಂಡಸರ ಮ್ಯಾಲ ಆರು ತಿಂಗಳು ರೋಸ್‌ಮೇರಿ ಎಣ್ಣಿ ಮತ್ತ 2% ಮಿನಾಕ್ಸಿಡಿಲ್ (ಕೂದಲಾ ಬರಾಕ ಡಾಕ್ಟರು ಕೊಡೂ ಔಷಧ) ಹಚ್ಚಿ ನೋಡ್ಯಾರ, ಎರಡೂ ಸರಿಸಮ ಅಂತ ಬಂದೈತಿ, ರೀಲ್ಸಿನಾಗ ಕುಣದು ಕುಣದು ಹೇಳ್ತಾರಲ್ಲ ಅದು ಇದ. ಆದ್ರ ಗಂಡಸರಿಗಿ ಡಾಕ್ಟರು ಬರದು ಕೊಡೂದು 5%, ಈ ಪರೀಕ್ಷಾದಾಗ ಹಿಡದಿದ್ದು 2%, ಮಂದಿನೂ ನೂರ ಅಷ್ಟ, ಇದನ್ನ ಯಾವ ರೀಲಿನಾಗೂ ಹೇಳಂಗಿಲ್ಲ. ನಾ ಆ ರೋಸ್‌ಮೇರಿ ಎಸೆನ್ಶಿಯಲ್ ಎಣ್ಣಿ ಏನೂ ಕಲಸದ ಹಂಗ ನೇರ ನೆತ್ತಿಗಿ ಹಚ್ಚಿದೆ, ಮೆಣಸಿನಕಾಯಿ ಅರದು ಹಚ್ಚಿದಂಗ ಉರೀತು, ಎರಡ ದಿನ ಟೊಪಗಿ ಹಾಕ್ಕೊಂಡ ಅಡ್ಡ್ಯಾಡಿದೆ. ಮೂವತ್ತು ಎಂಎಲ್ ಕೊಬ್ಬರಿ ಎಣ್ಣಿಗಿ ಹತ್ತು ಹನಿ, ಅದರ ಮ್ಯಾಲ ಬ್ಯಾಡ, ಇದು ಆಮ್ಯಾಲ ತಿಳೀತು.

ಈಗ ಡಾಕ್ಟರ್ ಕೊಟ್ಟ ಮಿನಾಕ್ಸಿಡಿಲ್ ಹಚ್ಚಾಕತ್ತು ಎಂಟು ತಿಂಗಳಾತು, ಇದ್ದದ್ದು ಉಳದೈತಿ, ಹಿಂದ ನೆತ್ತಿಗಿ ಸ್ವಲ್ಪ ಬಂದಾವು. ಬಿಟ್ರ ಮತ್ತ ಹೊಕ್ಕಾವು ಅಂದಾರ. ತಂಗೀ, ನಿಂದು ನನ್ನಂಥಾದಲ್ಲ, ಸಿಸ್ಟರ್ ಹೇಳಿದ್ದ ಖರೆ ಅನಸ್ತದ, ಗಾಬರಿ ಆಗಬ್ಯಾಡವಾ.

ತುಂಗೆ_ದಡ

@ನೈಟ್‌ಡ್ಯೂಟಿ_ಸಿಸ್ಟರ್ ಇವತ್ತು ನೋಡ್ದೆ ಮೇಡಂ. ಕಪ್ಪು ದುಪ್ಪಟ್ಟಾ ಮೇಲೆ ಇಟ್ಟು. ಹತ್ತರಲ್ಲಿ ಎಂಟಕ್ಕೆ ಬಿಳಿ ಗಂಟಿದೆ, ಪೂರ್ತಿ ಉದ್ದ. ಎರಡು ಮಾತ್ರ ತುಂಡು, ಅವು ಹರಳೆಣ್ಣೆ ದಿನದ ಗಾಯಾಳುಗಳು ಅನ್ಸುತ್ತೆ. ರೂಮ್‌ಮೇಟ್‌ದೂ ನೋಡಿದ್ವಿ, ಅವಳದಕ್ಕೂ ಗಂಟಿದೆ ಆದ್ರೆ ಅವಳಿಗೆ ಬಿದ್ದಿದ್ದೇ ಆರು. ಈ ಗಂಟು ನೋಡಿ ಬೇರು ಸಮೇತ ಹೋಯ್ತು ಇನ್ನು ಬರಲ್ಲ ಅಂದ್ಕೊಂಡಿದ್ದೆ ನಾನು, ಹಾಗಲ್ವಾ?

@ಮತ್ತಿಗೊಂಪು ಅಕ್ಕ, ಎಣ್ಣೆ ಕಮಟಿಲ್ಲ, ಚೆನ್ನಾಗೇ ಇದೆ. ಪಿಜಿ ಕಾಂಪೌಂಡಲ್ಲಿ ದಾಸವಾಳ ಇದೆ, ಓನರ್ ಆಂಟಿ ಪೂಜೆಗೆ ಅಂತ ಹೂವು ಮುಟ್ಟೋಕೆ ಬಿಡಲ್ಲ, ಸೊಪ್ಪಿಗೆ ಏನಂತಾರೋ ಕೇಳ್ಬೇಕು.

ನೈಟ್‌ಡ್ಯೂಟಿ_ಸಿಸ್ಟರ್

ಹಾಗಲ್ಲ ಹಾಗಲ್ಲ. ಬೇರು ಚರ್ಮದೊಳಗೇ ಇರುತ್ತೆ, ಗಂಟು ಅಂದ್ರೆ ರಜೆ ಮುಗಿಸಿ ಬಿದ್ದ ಹಳೇ ಕೂದ್ಲಿನ ತುದಿ ಅಷ್ಟೆ, ಅದೇ ಜಾಗದಲ್ಲಿ ಹೊಸದು ಬರುತ್ತೆ. ತಿಂಗಳಿಗೆ ಒಂದು ಸೆಂಟಿಮೀಟರ್ ಲೆಕ್ಕ, ಹಾಗಾಗಿ ಕಣ್ಣಿಗೆ ಕಾಣೋಕೆ ಟೈಮ್ ಬೇಕು. ಸಂಕ್ರಾಂತಿ ಹೊತ್ತಿಗೆ ಹಣೆ ಅಂಚಲ್ಲಿ ಗಿಡ್ಡ ಗಿಡ್ಡ ಕೂದ್ಲು ನಿಂತ್ಕೊಂಡು ಬೈತಲೆ ತೆಗೆಯೋಕೆ ಬಿಡಲ್ಲ, ಆಗ ಅದಕ್ಕೂ ಒಂದು ಪೋಸ್ಟ್ ಹಾಕ್ತೀರ ನೋಡಿ.

ಬೀಕರ್_ಬಸವಿ

ಕಾಸ್ಮೆಟಿಕ್ ಫ್ಯಾಕ್ಟರಿ ಲ್ಯಾಬಲ್ಲಿ ಏಳು ವರ್ಷ ಕೆಲಸ ಮಾಡಿದೀನಿ, ಎಣ್ಣೆ ಆರಿಸೋ ಪ್ರಶ್ನೆಗೆ ಯಾರೂ ಇನ್ನೂ ಉತ್ತರ ಕೊಟ್ಟಿಲ್ಲ ಅದಕ್ಕೆ ಬರೀತಿದೀನಿ.

ಕಣ್ಣಿಗೆ ಕಾಣೋ ಕೂದ್ಲು ಸತ್ತ ವಸ್ತು, ಉಗುರಿನ ಹಾಗೆ. ಎಣ್ಣೆ ಏನೇ ಮಾಡಿದ್ರೂ ಈ ಎಳೆಗೆ ಮಾಡುತ್ತೆ, ಬೇರಿಗೆ ಊಟ ಕೊಡೋದು ರಕ್ತ. ಆದ್ರೆ ಎಳೆಗೆ ಮಾಡೋ ಉಪಕಾರ ಸಣ್ಣದಲ್ಲ. ಕೂದ್ಲು ನೀರಲ್ಲಿ ನೆನೆದ್ರೆ ಉಬ್ಬುತ್ತೆ, ಮೇಲಿನ ಪದರ ಮೀನಿನ ಪೊರೆ ತರ ಇರೋದು ಎದ್ದು ನಿಲ್ಲುತ್ತೆ, ತಿಕ್ಕಿದಾಗ ಒಂದಕ್ಕೊಂದು ಉಜ್ಜಿ ಒಳಗಿನ ಪ್ರೋಟೀನ್ ಸೋರುತ್ತೆ. ತೊಳೆಯೋಕೆ ಮುಂಚೆ ತೆಂಗಿನ ಎಣ್ಣೆ ಹಚ್ಚಿದ್ರೆ ಅದು ಎಳೆ ಒಳಗೆ ಇಳಿದು ನೀರು ಜಾಸ್ತಿ ಕುಡಿಯೋಕೆ ಬಿಡಲ್ಲ. ತೆಂಗಿನ ಎಣ್ಣೇಲಿ ಹತ್ತತ್ರ ಅರ್ಧ ಲಾರಿಕ್ ಆಮ್ಲ, ಅದರ ಅಣು ಚಿಕ್ಕದು, ನೆಟ್ಟಗಿರೋದು, ಸಂದೀಲಿ ತೂರುತ್ತೆ. ಸೂರ್ಯಕಾಂತಿ ಎಣ್ಣೆ ಅಣು ಸೊಟ್ಟ, ದಪ್ಪ. 2003ರಲ್ಲಿ ಮುಂಬೈನ ಎಣ್ಣೆ ಕಂಪನಿಯೊಂದರ ಲ್ಯಾಬಿನೋರೇ ತೆಂಗು, ಸೂರ್ಯಕಾಂತಿ, ಮಿನರಲ್ ಆಯಿಲ್ ಮೂರನ್ನೂ ಕೂದ್ಲಿಗೆ ಹಚ್ಚಿ ಅಳೆದ್ರು, ಪ್ರೋಟೀನ್ ಸೋರೋದನ್ನ ಕಮ್ಮಿ ಮಾಡಿದ್ದು ತೆಂಗಿನ ಎಣ್ಣೆ ಒಂದೇ. ಕೊಬ್ಬರಿ ಎಣ್ಣೆ ಮಾರೋ ಕಂಪನಿನೇ ಮಾಡಿದ್ದು ಅಂತ ಮೂಗು ಮುರಿಯೋರಿದಾರೆ, ಮುರೀಲಿ, ಆದ್ರೆ ತೆಂಗಿನ ಎಣ್ಣೆ ಎಳೆಯೊಳಗೆ ಇಳಿಯುತ್ತೆ ಅನ್ನೋದನ್ನ ಆಮೇಲೆ ಬೇರೆಯೋರೂ ತೋರಿಸಿದಾರೆ.

ಲೈಟ್ ಲಿಕ್ವಿಡ್ ಪ್ಯಾರಾಫಿನ್ ಅಂದ್ರೆ ಮಿನರಲ್ ಆಯಿಲ್, ಪೆಟ್ರೋಲಿಯಂನಿಂದ ಬರೋದು. ವಿಷ ಅಲ್ಲ, ಮಗುವಿನ ಮೈಗೆ ಹಚ್ಚೋ ಎಣ್ಣೇಲೂ ಅದೇ ಇರುತ್ತೆ, ಎಳೆ ಮೇಲೆ ಕೂತು ಹೊಳಪು ಕೊಡುತ್ತೆ, ಸಿಕ್ಕು ಬಿಡಿಸೋಕೆ ಸುಲಭ ಮಾಡುತ್ತೆ. ಮೋಸ ಇರೋದು ಬೆಲೇಲಿ. ಲೇಬಲ್ ಮೇಲೆ ಜಾಸ್ತಿ ಇರೋದನ್ನೇ ಮೊದ್ಲು ಬರೀಬೇಕು, ಆ 699ರ ಬಾಟಲೀಲಿ ಮೊದಲ ಹೆಸರು ಪ್ಯಾರಾಫಿನ್ ಅಂದ್ರೆ ಗಿಡಮೂಲಿಕೆ ಕೊನೇ ಸಾಲಲ್ಲಿ ನಿಂತಿರುತ್ತೆ, ಹಸಿರು ಬಣ್ಣದ ಪಕ್ಕ.

ಹರಳೆಣ್ಣೆ ಕೆಟ್ಟದಲ್ಲ, ನೀವು ಮಾಡಿದ್ದು ಎಡವಟ್ಟು. ಜೇನುತುಪ್ಪದ ಹಾಗೆ ಅಂಟು, ಒಳಗೆ ಇಳಿಯಲ್ಲ, ಹೊರಗೆ ಲೇಪ ಆಗುತ್ತೆ. ಹಾಗೇ ಹಚ್ಚಿ ತಲೆ ಮೇಲೆ ಗುಡ್ಡೆ ಮಾಡಿ ತಿಕ್ಕಿದ್ರೆ ಉಣ್ಣೆ ಬಡಿದು ಕಂಬಳಿ ಮಾಡಿದ ಹಾಗೇ ಆಗೋದು. 2017ರಲ್ಲಿ ಡಾಕ್ಟರುಗಳ ಜರ್ನಲ್ ಒಂದರಲ್ಲಿ ನಮ್ಮ ದೇಶದ ಹುಡುಗಿದೇ ಕೇಸ್ ಬಂದಿತ್ತು, ಹರಳೆಣ್ಣೆ ತೆಂಗಿನೆಣ್ಣೆ ಹಚ್ಚಿ ತೊಳೆದಿದ್ದಕ್ಕೆ ಉದ್ದ ಕೂದ್ಲು ಹಕ್ಕಿಗೂಡಾಗಿ ಕೊನೆಗೆ ಕತ್ತರಿಸಬೇಕಾಯ್ತು, ನೀವು ಒಂದು ಗಂಟಲ್ಲಿ ಪಾರಾಗಿದೀರ. ಹಚ್ಚಲೇಬೇಕು ಅಂದ್ರೆ ನಾಲ್ಕು ಪಾಲು ತೆಂಗಿನೆಣ್ಣೆಗೆ ಒಂದು ಪಾಲು, ಅದೂ ಬರೀ ತುದಿಗಳಿಗೆ, ತೊಳೆಯೋವಾಗ ಕೂದ್ಲು ಕೆಳಗೆ ಇಳಿಬಿಟ್ಟು. ಅದರಿಂದ ಹೊಸ ಕೂದ್ಲು ಬರುತ್ತೆ ಅನ್ನೋದಕ್ಕೆ ಗಟ್ಟಿ ಪುರಾವೆ ನಾನು ಎಲ್ಲೂ ನೋಡಿಲ್ಲ.

ನಿಮ್ಮ ಉದ್ದಕ್ಕೆ ಒಂದೂವರೆ ಟೀಚಮಚ ಸಾಕು. ಅಂಗೈಲಿ ಉಜ್ಜಿ ಕಿವಿಯಿಂದ ಕೆಳಗಿನ ಕೂದ್ಲಿಗೆ, ತೊಳೆಯೋಕೆ ಒಂದು ಗಂಟೆ ಮುಂಚೆ. ಬೋರ್‌ವೆಲ್ ನೀರಾದ್ರೆ ಕೂದ್ಲು ಒರಟಾಗೋದು ಸಹಜ, ಸೋಪು ಮಾತ್ರ ತಲೆಗೆ ಹಾಕ್ಬೇಡಿ, ಗಡಸು ನೀರಲ್ಲಿ ಸೋಪು ಬಿಳಿ ಪುಡಿಯಾಗಿ ಅಲ್ಲೇ ಕೂರುತ್ತೆ.

ಗಾಣದಣ್ಣ

ತಿಪಟೂರು ಪಕ್ಕದ ಹಳ್ಳಿ ನಮ್ದು, ಮರದ ಗಾಣ ಇಟ್ಕೊಂಡಿದೀವಿ, ಎತ್ತಿಂದಲ್ಲ ಮೋಟ್ರುದು. ಜನ ಗಾಣದ ಎಣ್ಣೆ ಅಂದ್ರೆ ಕಣ್ಣು ಮುಚ್ಕೊಂಡು ತಗೋತಾರೆ ಅದಕ್ಕೆ ಒಂದು ಲೆಕ್ಕ ಹೇಳ್ತೀನಿ. 10 ಕೆಜಿ ಒಣ ಕೊಬ್ಬರಿ ಹಾಕಿದ್ರೆ ಗಾಣದಲ್ಲಿ 6 ಕೆಜಿ ಎಣ್ಣೆ ಬಂದ್ರೆ ಪುಣ್ಯ, ಉಳಿದಿದ್ದು ಹಿಂಡಿ, ಹಸುಗೆ. 2025ರಲ್ಲಿ ತಿಪಟೂರು ಮಾರ್ಕೆಟ್ಟಲ್ಲಿ ಉಂಡೆ ಕೊಬ್ಬರಿ ಕ್ವಿಂಟಾಲಿಗೆ 25 ಸಾವಿರ ದಾಟಿತ್ತು. ಎಣ್ಣೆಗೆ ಉಂಡೆ ಕೊಬ್ಬರಿ ಯಾರೂ ಹಾಕಲ್ಲ, ಅದು ಉತ್ತರದ ಕಡೆ ತಿನ್ನೋಕೆ ಹೋಗೋ ಮಾಲು, ಎಣ್ಣೆಗೆ ಹೋಳು ಕೊಬ್ಬರಿ, ಅದನ್ನೇ ಕೆಜಿಗೆ 200 ಅಂತ ಹಿಡೀರಿ, ಒಂದು ಕೆಜಿ ಎಣ್ಣೆಗೆ ಕೊಬ್ಬರಿನೇ 330 ರೂಪಾಯಿ ಮೇಲಾಯ್ತು, ಕೂಲಿ ಕರೆಂಟು ಬಾಟಲಿ ಬೇರೆ. ಆ ರೇಟಿದ್ದಾಗ ಒಬ್ಬ ಶುದ್ಧ ಗಾಣದ ಎಣ್ಣೆ ಲೀಟರ್ 240 ಅಂತ ಬೋರ್ಡ್ ಹಾಕಿದ್ರೆ ಅದು ದಾನಧರ್ಮನಾ?

ಬಾಟಲಿ ಎತ್ತಿ ಬಿಸಿಲಿಗೆ ಹಿಡೀರಿ. ನಮ್ಮ ಎಣ್ಣೆ ಅರೆದ ದಿನ ಮಬ್ಬಾಗಿರುತ್ತೆ, ಮೂರು ದಿನ ಅಲುಗಾಡಿಸದೆ ಬಿಟ್ರೆ ಮಡ್ಡಿ ಕೂತು ತಿಳಿಯಾಗುತ್ತೆ, ತಳದಲ್ಲಿ ಸ್ವಲ್ಪ ಪುಡಿ ಇದ್ರೆ ಹೆದರಬೇಡಿ. ಕೊಬ್ಬರಿ ಕೌಟು ಬಂದಿದ್ರೆ ಎಣ್ಣೆ ಹಳದಿಗೆ ತಿರುಗಿ ಗಂಟಲಿಗೆ ಹೊಡೆಯೋ ವಾಸನೆ ಬರುತ್ತೆ, ಎಷ್ಟು ಸೋಸಿದ್ರೂ ಹೋಗಲ್ಲ. ಫ್ರಿಡ್ಜಲ್ಲಿ ಇಡಿ, ಪೂರ್ತಿ ಬಿಳಿಯಾಗಿ ಗಟ್ಟಿ ಆದ್ರೆ ಅಪ್ಪಟ, ಮೇಲೆ ನೀರು ತರ ತೇಲಿದ್ರೆ ಬೆರಕೆ.

ಬೀಕರ್_ಬಸವಿ

ಗಾಣದಣ್ಣ, ಲೆಕ್ಕ ಭೇಷ್. ಫ್ರಿಡ್ಜ್ ಪರೀಕ್ಷೆಗೆ ಒಂದು ತಿದ್ದುಪಡಿ, ತೇಲಿದ್ರೆ ಬೆರಕೆ ಅನ್ನೋದು ಸರಿ, ಗಟ್ಟಿಯಾದ್ರೆ ಅಪ್ಪಟ ಅನ್ನೋಕಾಗಲ್ಲ. ತಾಳೆ ಬೀಜದ ಎಣ್ಣೇಲೂ ಲಾರಿಕ್ ಅಷ್ಟೇ ಇರುತ್ತೆ, ಅದೂ ಹಾಗೇ ಗಟ್ಟಿಯಾಗುತ್ತೆ, ಬೆರಕೆ ಮಾಡೋರಿಗೆ ಇದು ನಮಗಿಂತ ಮೊದ್ಲೇ ಗೊತ್ತು.

ಇನ್ನೊಂದು ತಮಾಷೆ, ಅಂಗಡೀಲಿ ಸಿಗೋ ನೀಲಿ ಬಾಟಲಿ ಕೊಬ್ಬರಿ ಎಣ್ಣೆ ಮೇಲೆ ತಲೆಗೆ ಹಚ್ಚೋದು ಅಂತ ಎಲ್ಲೂ ಬರೆದಿರಲ್ಲ ಗಮನಿಸಿದೀರಾ, ಖಾದ್ಯ ಎಣ್ಣೆ ಅಂತಿರುತ್ತೆ. ಅಡುಗೆ ಎಣ್ಣೆಗೆ 5% ಜಿಎಸ್‌ಟಿ, ಹೇರ್ ಆಯಿಲ್‌ಗೆ ಆಗ 18% ಇತ್ತು. ಸಣ್ಣ ಬಾಟಲಿ ಅಂದ್ರೆ ತಲೆಗೇ ಅಂತ ತೆರಿಗೆಯೋರು, ಅಲ್ಲ ಅಡುಗೆಗೆ ಅಂತ ಕಂಪನಿಯೋರು, ವರ್ಷಗಟ್ಟಲೆ ಕೋರ್ಟಲ್ಲಿ ಜಗಳ ಆಡಿ 2024ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟು ಬಾಟಲಿ ಚಿಕ್ಕದು ಅಂದ ಮಾತ್ರಕ್ಕೆ ಹೇರ್ ಆಯಿಲ್ ಆಗಲ್ಲ ಅಂತು. ಮಾರನೇ ವರ್ಷ ಸೆಪ್ಟೆಂಬರ್‌ನಲ್ಲಿ ಹೇರ್ ಆಯಿಲ್ಲನ್ನೂ 5%ಗೆ ಇಳಿಸಿದ್ರು ಅನ್ನಿ. ನಮಗೆ ಇದರಿಂದ ಲಾಭ ಏನಂದ್ರೆ, ಸುವಾಸನೆ ಪ್ಯಾರಾಫಿನ್ ಏನೂ ಇಲ್ದಿರೋ ಎಣ್ಣೆ ಬೇಕಾದ್ರೆ ಹಸಿರು ಚುಕ್ಕೆ ಇರೋ ಅಡುಗೆ ಎಣ್ಣೆ ಬಾಟಲಿನೇ ತಗೊಳಿ.

ಪುಟ್ಟಿ_ಅಮ್ಮ

ಮಧ್ಯೆ ಬಾಯಿ ಹಾಕ್ತಿದೀನಿ ಸಾರಿ, ಮಗಳಿಗೆ ಆರು ವರ್ಷ, ಸ್ಕೂಲಿಂದ ಹೇನು ಹತ್ತಿಸ್ಕೊಂಡು ಬಂದಿದಾಳೆ, ಅತ್ತೆ ಬೇವಿನೆಣ್ಣೆ ಹಚ್ಚು ಅಂತಾರೆ, ಹಚ್ಬೋದಾ?

ನೈಟ್‌ಡ್ಯೂಟಿ_ಸಿಸ್ಟರ್

ಚಿಕ್ಕ ಮಕ್ಕಳ ಕೈ ತಲೆಯಿಂದ ನೇರ ಬಾಯಿಗೆ, ಬೇವಿನೆಣ್ಣೆ ಹೊಟ್ಟೆಗೆ ಹೋದ್ರೆ ಮಕ್ಕಳಿಗೆ ಅಪಾಯ, ಬೇಡ. ಯಾವ ಎಣ್ಣೆ ಹಚ್ಚಿದ್ರೂ ಹೇನು ಮಂಕಾಗುತ್ತೆ, ಸೀರು ಸಾಯಲ್ಲ. ಒದ್ದೆ ಕೂದ್ಲಿಗೆ ಕಂಡೀಷನರ್ ಹಾಕಿ ಸೀರಣಿಗೇಲಿ ಬುಡದಿಂದ ಎಳೀರಿ, ಮೂರು ದಿನಕ್ಕೊಂದ್ಸಲ ಎರಡು ವಾರ ಬಿಡದೆ. ಆಗಲ್ಲ ಅಂದ್ರೆ ಡಾಕ್ಟರ್ ಕೇಳಿ ಪರ್ಮೆಥ್ರಿನ್ ಲೋಷನ್. ಮನೇಲಿ ಎಲ್ರ ತಲೆನೂ ನೋಡಿ, ಅತ್ತೆದೂ.

ತುಂಗೆ_ದಡ

ಮೂರು ವಾರ ಆಯ್ತು, ಅಪ್‌ಡೇಟ್ ಕೊಡದೆ ಹೋದ್ರೆ ಬೈತೀರ ಅಂತ ಬಂದೆ.

ಫೆರಿಟಿನ್ 11 ಬಂತು, ಡಾಕ್ಟರ್ ಕಬ್ಬಿಣದ ಮಾತ್ರೆ ಕೊಟ್ಟಿದಾರೆ, ಊಟ ಆದ ತಕ್ಷಣ ಕಾಫಿ ಕುಡೀಬೇಡ ಅಂದ್ರು, ಅದೇ ಕಷ್ಟ ಆಗಿರೋದು. ಥೈರಾಯ್ಡ್ ಸರಿ ಇದೆ. ಆ ಶಾಂಪೂಗೆ ಕೆರೆತ ಹೋಯ್ತು, ದಿಂಬಿಗೆ ಎಣ್ಣೆ ಮುಟ್ಟಿಸದ ಮೇಲೆ ಹಣೆ ಮೊಡವೆನೂ ಇಳೀತಿದೆ. ಉದುರೋದು ಇನ್ನೂ ಇದೆ, ಆದ್ರೆ ಜಾಲಿ ನೋಡಿ ಅಳೋದು ಬಿಟ್ಟಿದೀನಿ. ಪಿಜಿ ಆಂಟಿ ಹತ್ರ ಸೊಪ್ಪು ಕೇಳ್ದೆ, ಏನಕ್ಕೆ ಅಂತ ವಿಚಾರಿಸಿ, ಗೊಂಪು ಅಂದ ಕೂಡ್ಲೆ ನೀವು ಮಲೆನಾಡೋರಾ ಅಂತ ನಗ್ತಾ ಅವರೇ ಗಿಡ ಬಗ್ಗಿಸಿ ಕೊಟ್ರು. ಭಾನುವಾರ ಒಂದೂವರೆ ಚಮಚ ಅಮ್ಮನ ಎಣ್ಣೆ ತುದಿಗೆ, ಒಂದು ಗಂಟೆ, ಆಮೇಲೆ ಗೊಂಪು. ನಿಜ ಹೇಳ್ತೀನಿ, ಒಣಗಿದ್ಮೇಲೆ ಬಾಚಣಿಗೆ ಎಲ್ಲೂ ನಿಲ್ಲದೆ ತುದಿ ತನಕ ಜಾರಿ ಹೋಯ್ತು, ನಾಲ್ಕು ವರ್ಷದಲ್ಲಿ ಮೊದಲ ಸಲ. ಬಕೆಟ್ ತುಂಬ ಸೊಪ್ಪಿನ ಚೂರು, ಬಟ್ಟೇಲಿ ಸೋಸು ಅಂದಿದ್ರಿ ಅಕ್ಕ, ನಾನು ಟೀ ಜಾಲರೀಲಿ ಸೋಸ್ದೆ.

ಅಮ್ಮಂಗೆ ವಾರಕ್ಕೆ ಒಂದೇ ಸಲ ಒಂದೂವರೆ ಚಮಚ ಅಂತ ಹೇಳಿದೆ. ಒಂದು ನಿಮಿಷ ಸುಮ್ನಿದ್ರು, ಹಾಗಾದ್ರೆ ಆ ಒಂದು ಲೀಟರ್ ಯಾವಾಗ ಖಾಲಿ ಆಗೋದು, ಇನ್ನೊಂದು ಬಾಟಲಿ ಈಗಾಗ್ಲೇ ಬಸ್ಸಿಗೆ ಹಾಕಿ ಆಯ್ತಲ್ಲ ಅಂದ್ರು. ರಾತ್ರಿ ಈಗ ಚಳಿ, ಮೊದಲ್ನೇದು ಶೆಲ್ಫಲ್ಲಿ ಬೆಳ್ಳಗೆ ಗಟ್ಟಿಯಾಗಿ ಕೂತಿದೆ. ಮಾರತ್‌ಹಳ್ಳಿ ಕಡೆ ಯಾರಿಗಾದ್ರೂ ಗರುಗದ ಎಣ್ಣೆ ಬೇಕಿದ್ರೆ ಮೆಸೇಜ್ ಮಾಡಿ, ಬಾಟಲಿ ನೀವೇ ತನ್ನಿ.